ಉಗುರು ಬೆಚ್ಚಗೆ

ಮೀನು ಕಾರ್ಖಾನೆಯ ಬಾಗಿಲಲ್ಲಿ ಮೂರು ಭಾಷೆಗಳ ಬೋರ್ಡು:
ಉಂಗುರ ಬೇಡ, ಗಡಿಯಾರ ಬೇಡ, ಉಗುರಿಗೆ ಬಣ್ಣ ಬೇಡ.
ಓದಲಾರದವರಿಗೆಂದು ಕೆಳಗೊಂದು ಚಿತ್ರ,
ಬೆರಳಿನ ಮೇಲೆ ಕೆಂಪು ಅಡ್ಡಗೆರೆ.
ಬರೆದವರು ಯಾರೋ,
ಆ ಉಗುರಿಗೆ ಹಚ್ಚಿದ ಗುಲಾಬಿ ಮಾತ್ರ
ಈ ಊರಿನ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ ನನಗೆ.

ಶುಕ್ರವಾರ ಸಂಜೆ
ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತೂ ಬೆರಳು ಅದ್ದಿ ಕೂರುತ್ತೇನೆ.
ವಾರದ ಉಪ್ಪು ಬಿಡಬೇಕು.
ನಿಂಬೆಹೋಳು ತಿಕ್ಕಿದರೂ
ಉಗುರುಕಣ್ಣಲ್ಲಿ ಕಾಡ್ ಮೀನಿನ ವಾಸನೆ
ಬಾಡಿಗೆ ಕೊಡದೆ ಉಳಿದುಕೊಂಡಿರುತ್ತದೆ.

ಬಣ್ಣದ ಸೀಸೆಗಳು ಫ್ರಿಜ್ಜಿನ ಬಾಗಿಲಲ್ಲಿ, ಸಾಸಿವೆ ಡಬ್ಬಿಯ ಪಕ್ಕ.
ಚೀಟಿಗಳು ಅಳಿಸಿಹೋಗಿವೆ. ಹೆಸರಿಟ್ಟವಳು ಯಾಗೊದಾ, ನನ್ನ ಮಗಳು:
ಬೂದು, 'ಸೋಮವಾರ'.
ನೀಲಿ, 'ಬಸ್ಸಿನ ಸೀಟು'.
ಕಡುಗೆಂಪು, 'ಅಜ್ಜಿಯ ಕೋಪ', ಬೇಗ ಒಣಗುತ್ತದೆ, ಬೇಗ ಸಿಪ್ಪೆ ಏಳುತ್ತದೆ.
ಅಜ್ಜಿ ಇರುವುದು ಪೋಲೆಂಡಿನಲ್ಲಿ; ಈ ಮಾತು ಅವಳಿಗೆ ತಲುಪಿಲ್ಲ.

ಮೇಲಿನ ಮನೆಯ ಲುಸ್ವಿಮಿಂಡಾ ಕಲಿಸಿದ್ದು:
ಚುಕ್ಕೆಗೆ ಹೇರ್‌ಪಿನ್ನಿನ ಗುಂಡುತಲೆ ಸಾಕು,
ಗೆರೆಗೆ ತಂತಿ ಸುತ್ತುವ ಅಂಟುಪಟ್ಟಿ,
ಉಗುರಿನ ಸುತ್ತ ವ್ಯಾಸಲೀನ್,
ಹರಿದ ಬಣ್ಣ ಚರ್ಮಕ್ಕೆ ಹಿಡಿಯಬಾರದು.
ಈರುಳ್ಳಿ ಚೀಲದ ಬಲೆಯನ್ನು ಬಿಗಿಯಾಗಿ ಒತ್ತಿ
ಮೇಲೆ ಸ್ಪಂಜಿನಿಂದ ಬೆಳ್ಳಿ ತಟ್ಟು;
ಬಲೆ ಎತ್ತಿದರೆ, ಅರೆ, ಮೀನಿನ ಪೊರೆ!
ಐದು ದಿನ ಕೆರೆದು ತೆಗೆದದ್ದನ್ನು
ಆರನೇ ದಿನ ಕೂತು ಹಚ್ಚಿಕೊಂಡೆವಲ್ಲ,
ನಗು ತಡೆಯಲಾಗದೆ ಮೂರು ಉಗುರು ಕೆಟ್ಟವು.

ಎಡಗೈ ನನ್ನದು ನಾನೇ ಹಚ್ಚುತ್ತೇನೆ.
ಬಲಗೈ ಯಾಗೊದಾಳದು.
ನಾಲಿಗೆ ಹೊರಚಾಚಿ, ಉಸಿರು ಹಿಡಿದು
ಒಂಬತ್ತು ವರ್ಷದ ಆ ಗಾಂಭೀರ್ಯ
ಶಾಲೆಯ ಲೆಕ್ಕದ ಪುಸ್ತಕ ಎಂದೂ ಕಂಡಿಲ್ಲ.

ಜನವರಿಯ ಕೊನೆ. ನವೆಂಬರಿನಿಂದ ಗುಡ್ಡದ ಹಿಂದೆಯೇ ಇರುವ ಸೂರ್ಯ
ಈ ಭಾನುವಾರ ತಲೆ ಎತ್ತಬೇಕೆಂದು ಲೆಕ್ಕ.
ಊರೆಲ್ಲ ತೆಳು ದೋಸೆ ಹುಯ್ದು, ಕಾಫಿ ಕಾಯಿಸಿ ಕಾಯುತ್ತದೆ.
'ಹೆಬ್ಬೆರಳಿಗೆ ಸೂರ್ಯ' ಎಂದಳು ಯಾಗೊದಾ.

ಹಳದಿಯಷ್ಟು ಮೊಂಡು ಬಣ್ಣ ಇನ್ನೊಂದಿಲ್ಲ.
ಮೊದಲ ಪದರ ಕಾಮಾಲೆ.
ಎರಡನೆಯದು ಗೆರೆಗೆರೆ, ಬಳಿದ ಗೋಡೆಯ ಹಾಗೆ.
ಮೂರನೆಯದಕ್ಕೇ ಅದು ಬರುವುದು,
ಅದೂ ನಡುವೆ ಹತ್ತು ಹತ್ತು ನಿಮಿಷ ಕೈ ಚಾಚಿ
ಮಹಾರಾಣಿಯಂತೆ ಸುಮ್ಮನೆ ಕೂತರೆ.
ಆಗಲೇ ಮೂಗು ತುರಿಸುತ್ತದೆ.
ಆಗಲೇ ಅಮ್ಮನ ಫೋನು.
ಮೂಗಿನ ತುದಿಯಿಂದ ಒತ್ತಿ 'ಹಲೋ' ಎಂದೆ.

ಭಾನುವಾರ ಮೋಡ.
ದೋಸೆ ತಿಂದೆವು, ಕಾಫಿ ಕುಡಿದೆವು, ಗುಡ್ಡ ನೋಡಿದೆವು.
ರಾತ್ರಿ ಹತ್ತಿಯುಂಡೆಗೆ ಅಸಿಟೋನು ಸುರಿದು
ಎರಡು ಸೂರ್ಯರನ್ನೂ ಒರೆಸಿದೆ.
ಯಾಗೊದಾ ಬಾಗಿಲು ಹಾಕಿಕೊಂಡಳು.
ಒಳಗಿನಿಂದಲೇ ಕೂಗಿದಳು: 'ಕಾಲಿಗೆ ಹಚ್ಚಿಕೋ! ಬೂಟಿನೊಳಗೆ ಯಾರು ನೋಡುತ್ತಾರೆ?'

ಮಂಗಳವಾರ, ಒಂದೂ ಕಾಲು ಗಂಟೆ.
ಥೋರ್ಗೆರ್ದುರ್, ನಮ್ಮ ಮೇಲ್ವಿಚಾರಕಿ,
ಯಾವತ್ತೂ ನಿಲ್ಲಿಸದ ಬೆಲ್ಟನ್ನು ನಿಲ್ಲಿಸಿ
ಹೊರಗೆ ಎಂದು ಗದ್ದ ತೋರಿಸಿದಳು.
ಲಾರಿ ನಿಲ್ಲುವ ಕಟ್ಟೆಯ ಮೇಲೆ ಹದಿನೇಳು ಜನ,
ಗವಸು ಕಳಚಿ ಅಂಗೈ ಮುಂದಿಟ್ಟು
ಪಡಿತರಕ್ಕೆ ನಿಂತ ಹಾಗೆ.
ಗುಡ್ಡದ ಕೊರಕಲಿನಲ್ಲಿ ಬಂತು.
ನಾಲ್ಕು ನಿಮಿಷವಿತ್ತೋ ಏನೋ.
ಬಿಸಿಲೆನ್ನುವ ಹಾಗಿಲ್ಲ,
ಉಗುರಿಗಷ್ಟೇ ಬೆಚ್ಚಗೆ.

ಅವಳು ನನ್ನ ಬಲಗೈ ಹಿಡಿದಳು.
ಹೆಬ್ಬೆರಳಿನ ಮೂಲೆಯಲ್ಲಿ, ಹತ್ತಿಗೆ ಸಿಗದೆ,
ಸಾಸಿವೆ ಕಾಳಿನಷ್ಟು ಹಳದಿ.
ಬೋರ್ಡು ನೆನಪಾಯಿತು, ಬಾಡಿಗೆ ನೆನಪಾಯಿತು.
ಬೆಳಕಿಗೆ ತಿರುಗಿಸಿ ನೋಡಿದಳು, ಬಹಳ ಹೊತ್ತು.
'ಮೂರು ಪದರ ಹಚ್ಚಿದ್ದೆಯಾ?' ಎಂದಳು.

ಹೌದು ಎಂದೆ.
'ನನಗೆ ನಾಲ್ಕು ಬೇಕಾಯಿತು' ಎಂದು
ಗವಸು ಹಾಕಿಕೊಂಡು ಒಳಗೆ ನಡೆದಳು.